ಸಣ್ಣ ಜಮಾತಿಗೆ ನಾನು ತಂದ ಆಟದ ಸಾಮಾನು

ನಿಜಾಮರ ಕಾಲದಲ್ಲಿ ನಾನು ಲಿಂಗಸುಗೂರಿನ ಶಾಲೆಯಲ್ಲಿ ಸಣ್ಣ ಜಮಾತಿಗೆ, ಅಂದರೆ ಎಳೆಯರ ತರಗತಿಗೆ, ಮಾಸ್ತರನಾಗಿದ್ದೆ. ಅಲ್ಲಿ ಎಲ್ಲ ನಾಲ್ಕೈದು ವರ್ಷದ ಮಕ್ಕಳು. ಬೆಳಿಗ್ಗೆ ಒಂದು ಅಳಲು ಶುರುಮಾಡಿದರೆ ಸಂಜೆತನಕ ಪಾಳಿ ಹಚ್ಚಿ ಅಳುತ್ತಿದ್ದವು! ಶಾಲೆಯ ತನಿಖೆಗೆ ಸಾಹೇಬರು ಬರುವವರಿದ್ದರು. ಹೆಡ್‌ಮಾಸ್ತರರು ನನ್ನನ್ನು ಕರೆದು, "ಮಕ್ಕಳಿಗೆ ಮನಿ ಆಟ, ಠಾಣೆ ಆಟ ಆಡಾಕ ಸಾಮಾನು ತರ್ರಿ. ಅಳು ನಿಲ್ಲಲಿಲ್ಲಂದ್ರ ನಿಮ್ಮ ನೌಕರಿ ನಿಲ್ಲತದ" ಅಂದರು.

ಇದೇನು ಮಹಾ ಕೆಲಸ! ಮಸ್ಕಿ ಸಂತೆಗೆ ಹೊರಟೆ.

"ಅರಿವಿ ಗೊಂಬಿ, ಕಟ್ಟಿಗಿ ಬಂಡಿ ತರ್ರಿ. ಒಡಿಯೋವು, ನುಂಗೋವು ಬ್ಯಾಡ್ರಿ" ಅಂದಳು ಹೆಂಡತಿ ನೀಲಮ್ಮ.

"ಮಾಸ್ತರ ನಾನೋ, ನೀನೋ?" ಅಂದೆ.

ಮಣ್ಣಿನ ಒಲೆ, ಗಡಿಗೆ, ಅಡಿಗೆಗೆಂದು ಅಲಸಂದಿ ಕಾಳು, ಫೌಜದಾರನ ವೇಷಕ್ಕೆ ಆಡಿನ ಕೂದಲಿನ ಮೀಸೆ, ಕಳ್ಳನನ್ನು ಕಟ್ಟಲು ಹಗ್ಗ, ಇಷ್ಟು ತಂದೆ.

ಮರುದಿನ ಗಂಟೆ ಬಾರಿಸಿದ ಸದ್ದು ಅಡಗುವಷ್ಟರಲ್ಲಿ ಗಡಿಗೆ ಒಡೆದವು. ಒಡೆದವನು ಅತ್ತ, ಒಡೆಸಿಕೊಂಡವಳು ಅತ್ತಳು. ಸಮಾಧಾನಕ್ಕೆಂದು ಖಾಜಾ ಎಂಬ ಹುಡುಗನಿಗೆ ಫೌಜದಾರನ ಮೀಸೆ ಹಚ್ಚಿದೆ. ಅದನ್ನು ನೋಡಿ ಉಳಿದವರೂ ಅತ್ತರು!

"ಕಳ್ಳ ಯಾರು?" ಅಂತ ಖಾಜಾ ಗುಡುಗಿದ. ಎಲ್ಲ ಬೆರಳೂ ನನ್ನ ಕಡೆಗೇ. ಅಳು ನಿಂತರೆ ಸಾಕೆಂದು ಒಪ್ಪಿಕೊಂಡೆ. ಎಲ್ಲ ಸೇರಿ ನನ್ನನ್ನು ಕಂಬಕ್ಕೆ ಬಿಗಿದವು. ಅಳು ನಿಂತಿತು! ನೌಕರಿ ಉಳಿಯಿತು ಅಂದುಕೊಂಡೆ.

ಆಗ ಶಂಕ್ರವ್ವ ಎಂಬ ಹುಡುಗಿ ಬಂದು, "ಮಾಸ್ತರ, ನನ್ನ ಮೂಗಿನ್ಯಾಗ ಅಲಸಂದಿ ಹೋಗೇದ್ರಿ" ಅಂದಳು.

ನನ್ನ ಜೀವವೇ ಹೋಯಿತು.

"ಬಿಚ್ಚೋ ಖಾಜಾ!"

"ಕಳ್ಳಗ ಬಿಚ್ಚಂಗಿಲ್ರಿ."

ಅದೇ ಹೊತ್ತಿಗೆ ಬಾಗಿಲಲ್ಲಿ ಹೆಡ್‌ಮಾಸ್ತರರು. ಅವರ ಮುಂದೆ ಸಾಹೇಬರು!

"ಏ ಕ್ಯಾ ಹೈ? ಏನಿದು?" ಅಂದರು ಸಾಹೇಬರು.

ಖಾಜಾ ಸಲಾಮು ಹೊಡೆದು, "ಕಳ್ಳ ಅದಾನ್ರಿ ಸಾಹೇಬ್ರ" ಅಂದ.

"ಸಾಹೇಬ್ರ, ಮೂಗು! ಅಲಸಂದಿ!" ಎಂದು ನಾನು ಚೀರಿದೆ. ಅವರು ಗಾಬರಿಯಾಗಿ ತಮ್ಮ ಮೂಗು ಮುಟ್ಟಿ ನೋಡಿಕೊಂಡರು.

ಚೀರಾಟ ಕೇಳಿ ಶಾಲೆಯ ಪಕ್ಕದಲ್ಲೇ ಇದ್ದ ನಮ್ಮ ಮನೆಯಿಂದ ನೀಲಮ್ಮ ಓಡಿಬಂದಳು. ಸಾಹೇಬರ ಕೈಯಲ್ಲಿದ್ದ ನಶ್ಯದ ಡಬ್ಬಿಯನ್ನೇ ಕಸಿದು, ಮೂಗು ಹಿಡಿದು ನಿಂತಿದ್ದ ಶಂಕ್ರವ್ವನ ಇನ್ನೊಂದು ಹೊಳ್ಳೆಗೆ ಚಿಟಿಕೆ ನಶ್ಯ ಹಿಡಿದಳು. ಹುಡುಗಿ ಸೀನಿದಳು. ಕಾಳು ಹಾರಿ ಸಾಹೇಬರ ಶೇರವಾನಿಗೆ ಅಂಟಿತು. ಮಗು ಉಳಿಯಿತಲ್ಲ ಎಂದು ನಾನು ಕಟ್ಟಿಹಾಕಿದಲ್ಲೇ ಗೊಳೋ ಎಂದು ಅತ್ತೆ. ಇಡೀ ಜಮಾತು ಪಿಟ್ಟೆನ್ನದೆ ನೋಡಿತು.

ನೌಕರಿ ಹೇಗೋ ಉಳಿಯಿತು. ಸಾಮಾನು ಆರಿಸುವ ಕೆಲಸ ಮಾತ್ರ ನೀಲಮ್ಮನ ಪಾಲಾಯಿತು.

ಮುಂದೊಂದು ದಿನ ಮಕ್ಕಳು ಶಾಲೆ ಆಟ ಆಡುತ್ತಿದ್ದವು. ಮಾಸ್ತರನಾಗಿ ಕೂತಿದ್ದವನು ಎಲ್ಲರಿಗಿಂತ ಸಣ್ಣ ಪೋರ.

"ಯಾಕೋ ಖಾಜಾ, ಮಾಸ್ತರ ಆಗಾಕ ದೊಡ್ಡವರು ಯಾರೂ ಸಿಗಲಿಲ್ಲೇನು?"

"ದೊಡ್ಡವರಿಗೆ ಅಷ್ಟು ಅಳಾಕ ಬರಂಗಿಲ್ರಿ, ಮಾಸ್ತರ!"