ಪ್ರಾಂಪ್ಟಿನಲ್ಲಿ ಮೂರನೇ ಹೆಸರು

ಎಲ್ಲ ಶುರುವಾದದ್ದು ಪರದೆಯ ಮೇಲಿನ ಒಂದು ಸಾಲಿನಿಂದ.

ಹೋದ ವಾರ ಕಚೇರಿಯ ಹೊಸ ಪ್ರೋಗ್ರಾಮರ್ ಹುಡುಗಿ ‘ಪರೀಕ್ಷೆ’ಯಲ್ಲಿದ್ದೇನೆ ಎಂದುಕೊಂಡು ‘ಅಸಲಿ’ಯಲ್ಲಿದ್ದ ಗಿರಾಕಿಗಳ ಪಟ್ಟಿಯನ್ನೆಲ್ಲ ಅಳಿಸಿಬಿಟ್ಟಿದ್ದಳು. ಇವೆರಡೂ ಪ್ರೋಗ್ರಾಂ ಬರೆಯುವವರ ಪರಿಸರಗಳು; ಒಂದೇ ಅಚ್ಚಿನ ಎರಡು ಕೋಣೆಗಳಿದ್ದ ಹಾಗೆ. ಒಂದರಲ್ಲಿ ಏನು ಒಡೆದರೂ ನಡೆಯುತ್ತದೆ, ಇನ್ನೊಂದರಲ್ಲಿ ಲೋಟ ಉರುಳಿದರೂ ಕೆಲಸಕ್ಕೆ ಕುತ್ತು. ಮರುದಿನ ಬೆಳಿಗ್ಗೆ ಪಟ್ಟಿ ತಾನಾಗಿ ಮರಳಿತ್ತು. ಹೇಗೆಂದು ಯಾರಿಗೂ ತಿಳಿಯಲಿಲ್ಲ. ಅಷ್ಟರಲ್ಲಿ ಕಚೇರಿ ಅವಳಿಗೆ ‘ಒರೆಸುಬಟ್ಟೆ’ ಎಂದು ಹೆಸರಿಟ್ಟಾಗಿತ್ತು.

“ಇನ್ನೊಂದ್ ಸಲ ಎಡವಟ್ಟಾದ್ರೆ ಕುರ್ಚಿ ಖಾಲಿ ಮಾಡು,” ಎಂದಿದ್ದರು ಮ್ಯಾನೇಜರು.

ಹಾಗಾಗಿ ಒರೆಸುಬಟ್ಟೆ ಆ ಬೆಳಿಗ್ಗೆ ಬಂದವಳೇ ತನ್ನ ಟರ್ಮಿನಲ್ಲಿನ ಪ್ರಾಂಪ್ಟನ್ನು, ಅಂದರೆ ಆಜ್ಞೆ ಬರೆಯುವ ಜಾಗಕ್ಕೆ ಮುಂಚೆ ಮಿನುಗುವ ಆ ಪುಟ್ಟ ಸಾಲನ್ನು, ತಿದ್ದಲು ಕೂತಳು. ಎಲ್ಲರೂ ಹಂಚಿಕೊಂಡ ದೊಡ್ಡ ಯಂತ್ರದಲ್ಲಿ ಆ ಕ್ಷಣ ಯಾವ ಯಾವ ಪರಿಸರ ಎಚ್ಚರವಾಗಿದೆಯೋ ಅವುಗಳ ಹೆಸರೆಲ್ಲ ಇನ್ನು ಅಲ್ಲೇ ಕಾಣಬೇಕು. ತಾನಿರುವ ಪರಿಸರದ ಹೆಸರು ಎಲ್ಲಕ್ಕಿಂತ ಮೊದಲು. ಎಂಟರ್ ಒತ್ತಿದಳು.

(ಪರೀಕ್ಷೆ) (ಅಸಲಿ) (ಮೌನಿ)

ಮೂರನೆಯದು ಅವಳು ಮಾಡಿದ್ದಲ್ಲ. ಮುಚ್ಚಿದಳು. ಬಾಗಿಲಾಚೆ ಬಿಟ್ಟ ಬೆಕ್ಕಿನಂತೆ ಅದು ಸದ್ದಿಲ್ಲದೆ ವಾಪಸು ಬಂದು ಕೂತಿತು.

ಪಕ್ಕದ ಮೇಜಿನ ಟೆಸ್ಟರಮ್ಮ, ಬೇರೆಯವರ ತಪ್ಪು ಹುಡುಕುವುದಕ್ಕೇ ಸಂಬಳ ಪಡೆಯುವವಳು, ಕತ್ತು ಚಾಚಿದಳು. ಕೈಯಲ್ಲಿದ್ದ ಕಾಫಿ ತುಳುಕಿತು.

“ಅಯ್ಯೋ, ಮೌನಿ ಅಣ್ಣ ಕಣೇ! ನೀನು ಕೂತಿರೋ ಕುರ್ಚೀಲೇ ಕೂರ್ತಿದ್ರು. ಮೂರು ವರ್ಷ ಆಯ್ತು, ಹೋಗಿ.”

“ಹೋಗಿ ಅಂದ್ರೆ? ಬೇರೆ ಕಂಪನಿಗಾ?”

“ಮೇಲಕ್ಕೆ! ಒಂದು ವಾರ ಪತ್ತೆ ಇರ್ಲಿಲ್ಲ. ಯಾರೋ ಬಂದು ಹೋಗ್ಬಿಟ್ರಂತೆ ಅಂದ್ರು. ನಾವೆಲ್ಲ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಿದ್ವಿ. ಇದ್ದಾಗ್ಲೂ ಅಷ್ಟೇ ಮಾತು ಆಡ್ತಿದ್ದಿದ್ದು, ಪಾಪ.”

ಒರೆಸುಬಟ್ಟೆ ಕುರ್ಚಿಯ ತುದಿಗೆ ಸರಿದಳು. ಹಿಂದಿನ ಅರ್ಧದಲ್ಲಿ ಯಾರೋ ಕೂತಂತೆ ಬೆನ್ನು ತಣ್ಣಗಾಯಿತು.

ಒಂದು ಗಂಟೆಗೆ ಸರಿಯಾಗಿ ಹೆಸರು ಮಾಯವಾಯಿತು. ಎಲ್ಲರೂ ಉಸಿರು ಬಿಟ್ಟರು. ಎರಡಕ್ಕೆ ಸರಿಯಾಗಿ ಮತ್ತೆ ಹಾಜರ್.

“ದೆವ್ವಕ್ಕೂ ಊಟದ ಬಿಡುವಾ?” ಎಂದ, ವೈರುಗಳ ಉಸ್ತುವಾರಿಯವನು.

“ಟೈಮಿಗೆ ವಾಪಸ್ ಬಂದಿದೆ ನೋಡು. ನಿಮ್ಮಲ್ಲಿ ಒಬ್ರಾದ್ರೂ ಬರ್ತೀರಾ?” ಹಿಂದಿನಿಂದ ಮ್ಯಾನೇಜರ ದನಿ. “ಐದರೊಳಗೆ ಆ ಹೆಸರು ಹೋಗ್ಬೇಕು ಕಣಮ್ಮ. ಇಲ್ಲಾಂದ್ರೆ ನೀನು ಹೋಗ್ತೀಯ.”

ಒರೆಸುಬಟ್ಟೆ ಹುಡುಕಲು ಹೊರಟಳು. ಆ ದೊಡ್ಡ ಯಂತ್ರದ ಬೆನ್ನಿಂದ ಹೊರಟ ಒಂದು ಬೂದು ವೈರು ಮೆಟ್ಟಿಲಿಳಿದು ನೆಲಮಾಳಿಗೆಯ ಕತ್ತಲಿಗೆ ಹೋಗಿತ್ತು.

“ನೀವು ಮುಂದೆ ನಡೀರಿ ಅಕ್ಕ, ನಾನು ಇಲ್ಲಿಂದ್ಲೇ ಟಾರ್ಚ್ ಹಿಡೀತೀನಿ,” ಎಂದ ಉಸ್ತುವಾರಿಯವನು, ಮೇಲಿನ ಮೆಟ್ಟಿಲಿಗೆ ಅಂಟಿಕೊಂಡು.

ಕಾಲು ಮುರಿದ ಕುರ್ಚಿಗಳು ಒಂದರ ಮೇಲೊಂದು ಬಿದ್ದಿದ್ದವು. ಉಗ್ರಾಣದ ಬಾಗಿಲಡಿಯಲ್ಲಿ ನೀಲಿ ಬೆಳಕು. ಒಳಗೆ ಟಕ, ಟಕ, ಟಕ. ಒರೆಸುಬಟ್ಟೆ ಕಣ್ಣು ಮುಚ್ಚಿಕೊಂಡು ಬಾಗಿಲು ದೂಡಿದಳು.

“ಬಾಗಿಲು ಹಾಕಮ್ಮ, ಗಾಳಿ ಬರುತ್ತೆ,” ಎಂದಿತು ನೀಲಿ ಮುಖದ ಆಕೃತಿ. ಪಕ್ಕದಲ್ಲಿ ತೊಳೆದು ಬೋರಲು ಹಾಕಿದ ಊಟದ ಡಬ್ಬಿ.

“ನೀವು... ಸತ್ತಿಲ್ವಾ?”

“ಗೊತ್ತಿಲ್ಲಮ್ಮ. ಯಾರೂ ಹೇಳ್ಲಿಲ್ಲ.”

ಮೂರು ವರ್ಷದ ಹಿಂದೆ ಮೇಲೆ ಗೋಡೆಗೆ ಬಣ್ಣ ಹೊಡೆಸುವಾಗ ಮ್ಯಾನೇಜರು ಅವರನ್ನು ‘ಎರಡೇ ದಿನ’ ಎಂದು ಕೆಳಗೆ ಕಳಿಸಿ, ಕರೆಯಲು ಮರೆತಿದ್ದರು. ಕರೆಯದೆ ಹೋಗುವ ಜಾಯಮಾನ ಮೌನಿ ಅಣ್ಣನದಲ್ಲ. ಹಿಂಬಾಗಿಲಿಂದ ಬಂದು, ಹಿಂಬಾಗಿಲಿಂದ ಹೋಗುತ್ತಿದ್ದರು.

“ಹೋದ ವಾರ ಯಾರೋ ಪಟ್ಟಿ ಒರೆಸಿದ್ರು,” ಎಂದರು. “ನಾನೇ ಮತ್ತೆ ಕೂರಿಸ್ದೆ.”

ಅವರನ್ನು ಕರೆತಂದಾಗ ಮೇಲೆ ಸಂಭ್ರಮವೋ ಸಂಭ್ರಮ. ಟೆಸ್ಟರಮ್ಮ ಅವರ ಕೈ ಚಿವುಟಿ ಪರೀಕ್ಷಿಸಿದಳು. ಮ್ಯಾನೇಜರು ತಬ್ಬಿಕೊಂಡು, “ಇಂಥ ಮನುಷ್ಯನ್ನ ಕಳ್ಕೊಂಡಿದ್ವಲ್ರೀ!” ಎಂದು ಹಳೆಯ ಕುರ್ಚಿಯಲ್ಲೇ ಕೂರಿಸಿದರು. ಆಮೇಲೆ ಒರೆಸುಬಟ್ಟೆಯತ್ತ ತಿರುಗಿದರು.

“ಶಭಾಷ್ ಕಣಮ್ಮ. ಕೆಲಸದ ಚಿಂತೆ ಬಿಡು. ಹೊಸ ಮೇಜು ಬರೋವರೆಗೆ ಕೆಳಗಿರು. ಎರಡೇ ದಿನ.”

ಮೇಜು ಇನ್ನೂ ಬಂದಿಲ್ಲ. ಪ್ರಾಂಪ್ಟಿನಲ್ಲಿ ಅಷ್ಟೊಂದು ಹೆಸರಿರುವುದು ಗಲಾಟೆ ಎನ್ನಿಸಿ ಮೌನಿ ಅಣ್ಣ ಅದನ್ನು ಮೊದಲಿನಂತೆ ಬರಿದು ಮಾಡಿದ್ದಾರೆ. ಇವಳೆಲ್ಲಿ ಎಂದು ಅವರನ್ನು ಯಾರೂ ಕೇಳಲಿಲ್ಲ. ಕೇಳದೆ ಅವರು ಹೇಳುವವರಲ್ಲ. ತಾನೇ ಹೋಗಿ ವಿಚಾರಿಸೋಣವೆಂದರೆ, ಮ್ಯಾನೇಜರಿಗೆ ತನ್ನ ತಪ್ಪೆಲ್ಲ ನೆನಪಾಗಿಬಿಟ್ಟರೆ ಎಂಬ ಅಳುಕು ಒರೆಸುಬಟ್ಟೆಗೆ.

ನಿನ್ನೆ ಮಧ್ಯಾಹ್ನ ತಲೆಯ ಮೇಲೆ ಕುರ್ಚಿಗಳೆಲ್ಲ ಒಟ್ಟಿಗೆ ಸರಿದ ಸದ್ದಾಯಿತು. ಆಮೇಲೆ ಒಂದು ಪಿಸುಮಾತೂ ಇಲ್ಲ. ಪೂರಾ ಎರಡು ನಿಮಿಷ.

ಪಾಪ, ಯಾರು ಹೋದರೋ, ಎಂದುಕೊಂಡು ಒರೆಸುಬಟ್ಟೆಯೂ ಎದ್ದು ನಿಂತಳು.