ಲಗಮವ್ವನ ಆರಾಮಿಲ್ಲದ ಸೂಟಿ

ಸುಳ್ಳು ಕಾಯಿಲೆಗೆ ರಜೆ ಹಾಕುವುದರಲ್ಲಿ ನನಗೆ ಇಪ್ಪತ್ತು ವರ್ಷಗಳ ಅನುಭವವಿದೆ. ಹೇಳಿಕೊಳ್ಳಲು ಈಗ ನಾಚಿಕೆ, ಮೊದಲು ಇರಲಿಲ್ಲ. ಗೋಕಾಕದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುವ ನಾನು ಕಾಯಿಲೆಗಳನ್ನು ಕಾಲಮಾನ ನೋಡಿ ಆರಿಸುತ್ತೇನೆ. ಮಳೆಗಾಲಕ್ಕೆ ನೆಗಡಿ, ಬೇಸಿಗೆಗೆ ತಲೆಸುತ್ತು, ಉತ್ತರಪತ್ರಿಕೆ ತಿದ್ದುವ ದಿನಗಳಿಗೆ ಬೆನ್ನುನೋವು. ಬೆನ್ನುನೋವಿನ ದೊಡ್ಡ ಗುಣವೆಂದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಪ್ರಾಚಾರ್ಯರು ಸಂಭಾವಿತರು. "ಬಿಸಿನೀರಿನ ಶಾಖಾ ಕೊಡ್ರಿ ಸರ" ಎಂದು ಅರ್ಜಿಗೆ ಸಹಿ ಹಾಕುತ್ತಾರೆ. ನಾನು ಮಲಗಿರುತ್ತೇನೆ, ಪಗಾರ ತನ್ನ ಪಾಡಿಗೆ ತಾನು ಬರುತ್ತಿರುತ್ತದೆ. ಇದರಲ್ಲಿ ಏನೋ ವಿಶೇಷವಿದೆ ಎಂದು ಕಳೆದ ಶ್ರಾವಣದ ಒಂದು ಮಂಗಳವಾರದವರೆಗೂ ನನಗೆ ಹೊಳೆದಿರಲಿಲ್ಲ.

ಕಿರುಪರೀಕ್ಷೆಯ ಉತ್ತರಪತ್ರಿಕೆಗಳು ಬಂದಿದ್ದರಿಂದ ಆ ಮಂಗಳವಾರ ನಾನು ಬೆನ್ನುನೋವಿನಲ್ಲಿದ್ದೆ. ಅಂದರೆ ಅಂಗಳದ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಪೇಪರು ಓದುತ್ತಿದ್ದೆ. ಹೆಂಡತಿ ಕಲ್ಲೋಳಿಯ ಸಾಲೆಯಲ್ಲಿ ಶಿಕ್ಷಕಿ. ಬೆಳಗಿನ ಬಸ್ಸಿಗೆ ಹೋಗಿಯಾಗಿತ್ತು. ಮನೆಗೆಲಸದ ಲಗಮವ್ವ ಬಂದಳು. ನಾಗನೂರಿನ ಕುರಿಗಾರರ ಮನೆಯವಳು. ಗಂಡ ಕುರಿಹಿಂಡಿನ ಹಿಂದೆ ಊರೂರು ತಿರುಗುತ್ತಾನೆ, ಈಕೆ ದಿನವೂ ಬಸ್ಸು ಹಿಡಿದು ಬಂದು ನಮ್ಮ ಓಣಿಯ ಮೂರು ಮನೆಗಳ ಭಾಂಡೆ, ಬಟ್ಟೆ ಮುಗಿಸುತ್ತಾಳೆ. ಬಂದವಳೇ ತನ್ನ ಟಗರಿನ ಪ್ರತಾಪಗಳನ್ನು ವರ್ಣಿಸುವುದು ರೂಢಿ. ಅಂದು ಟಗರಿನ ಸುದ್ದಿಯೇ ಇಲ್ಲ.

"ಯಾಕ ಲಗಮವ್ವಾ, ಮಾತ ಇಲ್ಲ?" ಎಂದೆ.

"ಏನಿಲ್ರಿ ಸರ. ನಿಮ್ಮ ಬೆನ್ನ ಹೆಂಗೈತ್ರಿ? ಎಣ್ಣಿ ಕಾಸಿ ಕೊಡ್ಲೇನ್ರಿ?"

ಬೇಡ ಎನ್ನಬಹುದಿತ್ತು. ಕಾಸಿಸಿಕೊಂಡೆ. ಹಚ್ಚಿಕೊಂಡೂ ಬಿಟ್ಟೆ.

ನಮ್ಮ ಮಾಳಿಗೆಗೆ ಹೊರಗಿನಿಂದ ಹತ್ತಲು ಹದಿನಾಲ್ಕು ಪಾವಟಿಗೆ, ಅಂದರೆ ಮೆಟ್ಟಿಲು. ಅದಕ್ಕೆ ರೇಲಿಂಗು ಹಾಕಿಸುವುದು ದೀಪಾವಳಿ ಆದಮೇಲೆ ಎಂದು ಆರು ವರ್ಷದಿಂದ ಹೇಳುತ್ತಿದ್ದೆ. ಯಾವ ದೀಪಾವಳಿ ಎಂದು ಯಾರಿಗೂ ಮಾತು ಕೊಟ್ಟಿರಲಿಲ್ಲ. ಲಗಮವ್ವ ಹಸಿಬಟ್ಟೆಯ ಬಕೀಟು ಹಿಡಿದು ಹತ್ತತೊಡಗಿದಳು. ಹನ್ನೊಂದನೆಯ ಪಾವಟಿಗೆಯಲ್ಲಿ ನಿಂತಳು. ಅವಳ ಎಡಗೈ ಆಸರೆ ಹುಡುಕುತ್ತ ಚಾಚಿ, ರೇಲಿಂಗು ಇರಬೇಕಾದ ಜಾಗದಲ್ಲಿ ಗಾಳಿಯನ್ನು ಹಿಡಿಯಿತು. ಮೊದಲು ಬಕೀಟು ಬಿತ್ತು. ಅದು ಕೆಳಗಿನ ಬಟ್ಟೆ ಒಗೆಯುವ ಕಲ್ಲಿಗೆ ಬಡಿದ ಸದ್ದು ಈಗಲೂ, ಪಾಠ ಮಾಡುತ್ತಿರುವಾಗ, ಊಟಕ್ಕೆ ಕುಳಿತಾಗ, ಕಿವಿಯಲ್ಲಿ ಠಣ್ಣೆನ್ನುತ್ತದೆ. ಹುಡುಗರು, ಸರ್ ಏನೋ ಗಹನವಾದದ್ದು ಯೋಚಿಸುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಅವಳು ಕುಸಿದು ಕುಳಿತು ಹೊರಬದಿಗೆ ವಾಲುತ್ತಿದ್ದಳು. ನಾನು ಹೇಗೆ ಹತ್ತಿದೆನೋ ತಿಳಿಯದು. ರಟ್ಟೆ ಹಿಡಿದು ಗೋಡೆಯ ಕಡೆಗೆ ಎಳೆದೆ. ರಟ್ಟೆ ರೊಟ್ಟಿಯ ಹಂಚಿನಂತೆ ಸುಡುತ್ತಿತ್ತು.

ಇಬ್ಬರೂ ಪಾವಟಿಗೆಯ ಮೇಲೆ ಕುಳಿತು ಏದುಸಿರು ಬಿಟ್ಟೆವು.

"ಇಷ್ಟ ಜ್ವರಾ ಬಂದಾವು, ಮನ್ಯಾಗ ಮಲಗಬಾರದ?"

"ಮಲಗಿದ್ರ ಮನಿ ಹೋಗ್ತಾವಲ್ರಿ ಸರ."

ನಮ್ಮ ಓಣಿಯ ಕಟ್ಟಳೆ ಅದು. ಕೆಲಸದವಳು ನಾಲ್ಕು ದಿನ ಬಾರದಿದ್ದರೆ ಬದಲಿಯವಳು ಬರುತ್ತಾಳೆ, ಬಂದವಳು ಉಳಿಯುತ್ತಾಳೆ.

"ಚನ್ನವ್ವಗ ವಿಷಮಜ್ವರಾ ಬಂದಾಗಲ್ಲೇನ್ರಿ ನೀವು ನನ್ನ ಕರಸಿದ್ದು?" ಎಂದಳು. ಆಕ್ಷೇಪಣೆಯ ದನಿಯೇ ಇರಲಿಲ್ಲ. ಚನ್ನವ್ವ ನಮ್ಮ ಮನೆಯಲ್ಲಿ ಐದು ವರ್ಷ ದುಡಿದವಳು. ಅವಳ ಜ್ವರ ಇಳಿಯಿತೋ ಇಲ್ಲವೋ ನಾವು ಕೇಳಿರಲಿಲ್ಲ. ನಾನು ತರಗತಿಯಲ್ಲಿ ಸಮಾನತೆಯ ಬಗ್ಗೆ ಎರಡು ತಾಸು ನಿಲ್ಲದೆ ಮಾತಾಡಬಲ್ಲೆ. ಅಂದು ಇಳಿದುಹೋಗಿ ಬಿದ್ದ ಬಕೀಟನ್ನು ಎತ್ತಿಟ್ಟು ಬಂದೆ.

ಅವಳೇ, "ಸರ, ನಿಮ್ಮ ಬೆನ್ನ?" ಎಂದಳು.

"ಎಣ್ಣಿ ಹಚ್ಚಿದ್ನಲ್ಲ," ಎಂದೆ.

ಅವಳನ್ನು ದವಾಖಾನೆಗೆ ಕರೆದೊಯ್ದೆ. ಡಾಕ್ಟರು ಗುಳಿಗೆ ಬರೆದು, ಐದು ದಿನ ಏಳಕೂಡದು ಎಂದರು. ಸುದ್ದಿ ತಿಳಿದು ಅರ್ಧ ದಿನಕ್ಕೇ ಓಡಿಬಂದ ಹೆಂಡತಿ, "ಐದ ದಿನಾ ಮನ್ಯಾಗ ಇರು ಲಗಮವ್ವಾ. ಪಗಾರ ಹಿಡಿಯೂದಿಲ್ಲ," ಎಂದಳು. ಲಗಮವ್ವನ ಮುಖ ಬಿಳಿಚಿತು.

"ನನ್ನ ಬಿಡಸಾಕತ್ತೀರೇನ್ರಿ ಅಕ್ಕಾರ?"

"ಇಲ್ಲವಾ. ಆರಾಮಿಲ್ಲದ ಸೂಟಿ ಇದು."

"ಕೆಲಸಾ ಮಾಡಲಾರದ ಪಗಾರ ಯಾರಿಗಿ ಕೊಡ್ತಾರ್ರಿ?"

ಹೆಂಡತಿ ನನ್ನತ್ತ ಕೈ ತೋರಿಸಿ, "ಇವರಿಗಿ ಕೊಡೂದಿಲ್ಲೇನು?" ಎಂದಳು. ಸಾಕ್ಷಿ ಎದುರಿಗೇ ಕುಳಿತಿದ್ದುದರಿಂದ ವಾದ ಅಲ್ಲಿಗೇ ಮುಗಿಯಿತು. ಉಳಿದೆರಡು ಮನೆಗಳಿಗೂ ಹೆಂಡತಿಯೇ ಹೋಗಿ ಹೇಳಿದಳು. ಒಂದು ಮನೆಯವರು ಒಪ್ಪಿದರು. ಇನ್ನೊಂದು ಮನೆಯಾಕೆ, "ಹಿಂಗ ಮಾಡಿದ್ರ ಎಲ್ಲಾರಿಗೂ ಇದ ರೂಢಿ ಆಗತೈತ್ರಿ," ಎಂದು ಎಚ್ಚರಿಸಿದರು. "ಆಗ್ಲಿ ಅಂತನ ಬಂದೇನ್ರಿ," ಎಂದು ನನ್ನಾಕೆ ಚಹಾ ಬರುವವರೆಗೂ ಏಳಲಿಲ್ಲ. ಕಡೆಗೆ ಅವರೂ ಒಪ್ಪಿದರು.

ಮೂರನೆಯ ದಿನ ನಾನು ಹಿತ್ತಿಲಲ್ಲಿ ಭಾಂಡೆ ತಿಕ್ಕುತ್ತಿದ್ದೆ. ಕಂಪೌಂಡಿನಾಚೆ ಕರಿಕಂಬಳಿಯೊಂದು ಇಣುಕಿತು, ಒಳಗೆ ಲಗಮವ್ವ.

"ಮಲಗೂದ ಬಿಟ್ಟ ಎಲ್ಲಿ ಹೊಂಟಿ?"

"ಹಂಗ ಅಡ್ಡ್ಯಾಡಕೋತ ಬಂದೇನ್ರಿ."

ನಾಗನೂರಿನಿಂದ ಗೋಕಾಕಕ್ಕೆ ಬಸ್ಸು ಹತ್ತಿ ಯಾರೂ ಅಡ್ಡಾಡುವುದಿಲ್ಲ. ಬದಲಿಯವಳು ಬಂದಿರಬಹುದೇ ಎಂದು ನೋಡಲು ಬಂದಿದ್ದಳು. ಸುತ್ತೆಲ್ಲ ಕಣ್ಣಾಡಿಸಿ, ಬಂದಿರುವವನು ನಾನೊಬ್ಬನೇ ಎಂದು ಖಾತ್ರಿಯಾದ ಮೇಲೆ ಕಟ್ಟೆಯ ಮೇಲೆ ಕುಳಿತಳು. "ಸರ, ಕಡಾಯಿ ತಳಾ ಬಿಟ್ರಿ. ಹಂಗಲ್ರಿ, ಬೂದಿ ಹಚ್ಚಿ ತಿಕ್ರಿ." ತಿಕ್ಕಿದೆ. ಕಡಾಯಿಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಮೂರು ದಿನಗಳಲ್ಲಿ ಮೊದಲ ಸಲ ನಕ್ಕಿದ್ದಿರಬೇಕು. "ನನ್ನ ಮನಿ ಎಲ್ಲಿಗೂ ಹೋಗೂದಿಲ್ಲ ಬಿಡ್ರಿ," ಎಂದು ನೆಮ್ಮದಿಯಿಂದ ಬಸ್ಸಿಗೆ ಹೊರಟಳು.

ಆ ವಾರವೇ ರೇಲಿಂಗು ಬಂತು, ದೀಪಾವಳಿಗೆ ಕಾಯದೆ. ಲಗಮವ್ವನೂ ಬಂದಳು, ಟಗರಿನ ಸುದ್ದಿಯೂ ಬಂತು. ಎರಡು ತಿಂಗಳು ಕಳೆದು ಉತ್ತರಪತ್ರಿಕೆಗಳೂ ಬಂದವು, ಅವುಗಳ ಹಿಂದೆಯೇ ನನ್ನ ಬೆನ್ನುನೋವು. ನಾನು ಅರ್ಜಿ ಬರೆಯುತ್ತಿದ್ದೆ. ಕಸಬರಿಗೆ ಹಿಡಿದ ಲಗಮವ್ವ ಮೇಜಿನ ಬಳಿ ನಿಂತಳು.

"ಏನ ಬರಿಯಾಕತ್ತೀರಿ ಸರ?"

"ಸೂಟಿ ಅರ್ಜಿ. ಬೆನ್ನ ಹಿಡಕೊಂಡೈತಿ."

ಅವಳು ನನ್ನ ಬೆನ್ನನ್ನು ನೋಡಿದಳು, ಕಿಟಕಿಯಾಚೆಯ ಪಾವಟಿಗೆಗಳನ್ನು ನೋಡಿದಳು. "ಹನ್ನೊಂದ ಪಾವಟಿಗಿ ಜಿಗದ ಬಂದ ಬೆನ್ನ ಐತ್ರಿ ಅದು. ಏನೂ ಆಗಿಲ್ಲ. ಆರಾಮಿಲ್ಲದವರ ಸೂಟಿ ಆರಾಮಿದ್ದವರು ತಗೋಬಾರದ್ರಿ. ಬೇಕಾರ ಎಣ್ಣಿ ಕಾಸಿ ಕೊಡ್ತೇನಿ, ಹಚ್ಚಕೊಂಡ ಕಾಲೇಜಿಗಿ ಹೋಗ್ರಿ."

ಹೋದೆ. ಇಡೀ ದಿನ ಎಣ್ಣೆಯ ವಾಸನೆ ಹೊಡೆಯುತ್ತ ಬಗ್ಗಿ ಕುಳಿತು ಉತ್ತರಪತ್ರಿಕೆ ತಿದ್ದಿದೆ. ಸಂಜೆಯ ಹೊತ್ತಿಗೆ ಬೆನ್ನು ಖರೆಯೇ ನೋಯತೊಡಗಿತು. ಮನೆಗೆ ಬಂದು ಯಾರ ಮುಂದೆಯೂ ಹೇಳಲಿಲ್ಲ. ನಂಬುವವರು ಈ ಮನೆಯಲ್ಲಿ ಯಾರೂ ಉಳಿದಿಲ್ಲ.