ಒಂದೊಂದೇ ಕಣ ಹಿಡಿಯುವ ಕೆಲಸ

ಧೂಳಿನ ಮೇಲೆ ಸಂಶೋಧನೆ ಮಾಡುತ್ತೇನೆ ಎಂದು ಸಂಡೂರಿನಲ್ಲಿ ಬಾಯಿಬಿಟ್ಟರೆ ಯಾರೂ ನಗದೇ ಇರುವುದಿಲ್ಲ. ನಾಲ್ಕು ವರ್ಷದಿಂದ ನಗಿಸುತ್ತಲೇ ಇದ್ದೇನೆ. ಎಲ್ಲರಿಗಿಂತ ಹೆಚ್ಚು ನಕ್ಕವನು, ನಗಿಸಿದವನು ನಮ್ಮಪ್ಪ. ಈಗ ಅಪ್ಪ ಇಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಬಸ್ಸಿನಲ್ಲಿ

ಹೊಸಪೇಟೆಯಿಂದ ಸಂಡೂರಿಗೆ ಬರುವ ಬಸ್ಸು. ಪಕ್ಕದಲ್ಲಿ ತರಕಾರಿ ಚೀಲ ಹಿಡಿದ ಒಬ್ಬ ಅಮ್ಮ. "ಏನು ಓದ್ತೀಯವ್ವಾ?" ಅಂದರು.

ನಾನು ಉತ್ಸಾಹದಿಂದ ಶುರು ಮಾಡಿದೆ. ಉಪ್ಪುನೀರಿನಲ್ಲಿ ಅದಿರಿನ ಧೂಳು ಕಲಸುತ್ತೇವೆ. ಅದರೊಳಗೆ ಕೂದಲಿಗಿಂತ ಸಣ್ಣದೊಂದು ತಂತಿ ಇಳಿಬಿಟ್ಟು ಕರೆಂಟು ಕೊಡುತ್ತೇವೆ. ಒಂದು ಕಣ ಬಂದು ತಂತಿಗೆ ಬಡಿದರೆ ಕಂಪ್ಯೂಟರಿನಲ್ಲಿ ಒಂದು ಗೆರೆ ಚಂಗನೆ ಮೇಲೇಳುತ್ತದೆ. ಆ ಗೆರೆ ನೋಡಿ ಕಣ ಎಷ್ಟು ದೊಡ್ಡದು, ಎಂಥದು ಅಂತ ಹೇಳಬಹುದು.

"ಒಂದಾ ಕಣ?"

"ಹೌದ್ರಿ, ಒಂದೊಂದೇ."

 ಅವರು ಕಿಟಕಿ ಪಕ್ಕದ ಹೆಗಲ ಮೇಲೆ ಕೆಂಪು ಧೂಳು ಕೂತಿದ್ದ ಸೆರಗನ್ನು ಎತ್ತಿ ನನ್ನ ಮಡಿಲಲ್ಲಿ ಎರಡು ಸಲ ಝಾಡಿಸಿದರು. "ತಗಾ, ನಿನ್ನ ಮೊಮ್ಮಕ್ಳ ಕಾಲಕ್ಕೂ ಆಗ್ತೈತಿ."

ಪೇಡೆ

ಮೊದಲ ಏಳು ತಿಂಗಳು ಒಂದು ಗೆರೆಯೂ ಏಳಲಿಲ್ಲ. ಒಂದು ಮಧ್ಯಾಹ್ನ ಎದ್ದಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು, ಮತ್ತೊಂದು. ನನಗೆ ಅಳುವೇ ಬಂತು. ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಗಣಿಯ ಕ್ರಷರ್‌ನಲ್ಲಿ ಅದಿರು ಪುಡಿ ಮಾಡುವ ಕೆಲಸದಲ್ಲಿದ್ದ. ಯಂತ್ರದ ಸದ್ದಿನಲ್ಲಿ ಅವನಿಗೆ ಕೇಳಿಸಿದ್ದು 'ಸಿಕ್ತು' ಅನ್ನುವ ಒಂದೇ ಮಾತು.

ಸಂಜೆಗೆ ನಮ್ಮ ಗೈಡ್ ಮೇಡಂ ಬಂದರು. ಗೆರೆಗಳನ್ನು ನೋಡಿದರು, ಗಡಿಯಾರ ನೋಡಿದರು, ಎದ್ದು ಹೋಗಿ ಪಕ್ಕದ ಕೋಣೆಯ ಫ್ರಿಜ್ಜಿನ ಸ್ವಿಚ್ ಆರಿಸಿದರು. ಗೆರೆಗಳು ನಿಂತವು. "ನೀನು ಹಿಡಿದದ್ದು ಫ್ರಿಜ್ಜು ಕಣಮ್ಮಾ" ಅಂದರು.

ತಲೆ ತಗ್ಗಿಸಿ ಮನೆಗೆ ಹೋದೆ. ಅಷ್ಟರಲ್ಲಿ ಅಪ್ಪ ಇಡೀ ಶಿಫ್ಟಿನವರಿಗೆ ಪೇಡೆ ಹಂಚಿ ಬಂದಿದ್ದ. ವಿಷಯ ಹೇಳಿದೆ. ಅವನು ನನ್ನ ಕೈಗೂ ಒಂದು ಪೇಡೆ ಇಟ್ಟ.

"ಇರ್ಲಿ ಬಿಡು ಯವ್ವಾ. ತಿಂದ ಪೇಡೆ ಯಾರೂ ವಾಪಸ್ ಕೇಳಂಗಿಲ್ಲ. ಫ್ರಿಜ್ಜಿಗೂ ಒಂದು ಕೊಡಬೇಕಿತ್ತು ನೋಡು."

ಟವಲ್ಲು

ಮೂರನೇ ವರ್ಷದಲ್ಲಿ ನಿಜವಾದ ಕಣಗಳೇ ಸಿಗತೊಡಗಿದವು. ಅಷ್ಟೊತ್ತಿಗೆ ಅಪ್ಪನಿಗೆ ಕೆಮ್ಮು ಜೋರಾಗಿ ಕ್ರಷರ್‌ ಬಿಡಿಸಿದ್ದೆವು. ಒಂದು ದಿನ ಲ್ಯಾಬಿಗೆ ಕರಕೊಂಡು ಹೋದೆ. ಬಿಳಿ ಅಂಗಿ ತೊಟ್ಟು, ತಲೆ ಬಾಚಿಕೊಂಡು ಬಂದ. ಮೇಡಂ ಕುರ್ಚಿ ತೋರಿಸಿದರೂ ಕುಂದ್ರಲಿಲ್ಲ.

ಒಂದು ಗೆರೆ ಎದ್ದಿತು.

"ಇದು ನಮ್ಮ ಕ್ರಷರ್‌ದಾ?"

"ಹೂಂ, ನೀ ಪುಡಿ ತಂದುಕೊಟ್ಟಿದ್ದಿಯಲ್ಲ, ಅದಾ."

"ಎಷ್ಟು ಸಣ್ಣದೈತಿ?"

"ಒಂದು ಕೂದಲಿನ ಅಗಲಕ್ಕ ಐವತ್ತು ಸಾಲಾಗಿ ನಿಂದರ್ತಾವ."

ಅಪ್ಪ ಲೆಕ್ಕ ಹಾಕುವವನ ಹಾಗೆ ಪರದೆಯನ್ನೇ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ: "ಹಂಗಾರ... ಮೂಗಿಗೆ ಟವಲ್ಲು ಕಟ್ಟಿಕೊಳ್ತಿದ್ವಲ್ಲ, ಅದರಾಗ ನುಸೀತಾವೇನು?"

ಸುಳ್ಳು ಹೇಳಬಹುದಿತ್ತು. ಮೇಡಂ ಕಿಟಕಿಯ ಕಡೆ ತಿರುಗಿದರು. ನಾನು "ಹೂಂ ಅಪ್ಪಾ" ಅಂದೆ.

ಅವನಿಗೆ ಕೆಮ್ಮು ಬಂತು. ಹೊರಗೆ ಹೋಗಿ ಕೆಮ್ಮಿ, ನೀರು ಕುಡಿದು ಬಂದ.  ಮನೆ ಬಾಗಿಲ ಹತ್ತಿರ ನನ್ನ ತೋಳು ಹಿಡಿದು ನಿಲ್ಲಿಸಿದ.

"ನಿಮ್ಮವ್ವಗ ಹೇಳಬ್ಯಾಡ. ಇಪ್ಪತ್ತಾರು ವರ್ಷ ದಿನಾ ಆ ಟವಲ್ಲು ಕಲ್ಲಿಗೆ ಬಡಿದು ಒಗೆದಾಳ. ಉಪಯೋಗಿಲ್ಲ ಅಂತ ಗೊತ್ತಾದ್ರ ನನ್ನೂ ಹಂಗಾ ಬಡೀತಾಳ."

ಹೇಳಲಿಲ್ಲ. ಇವತ್ತಿನವರೆಗೂ ಅವ್ವನಿಗೆ ಹೇಳಿಲ್ಲ.

ವಾರ್ಡಿನಲ್ಲಿ

ಕೊನೆಯ ಸಲ ಹೊಸಪೇಟೆಯ ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರು ನನ್ನನ್ನು ವರಾಂಡಕ್ಕೆ ಕರೆದು ಎಕ್ಸ್‌ರೇ ತೋರಿಸಿದರು. ಎರಡೂ ಪುಪ್ಪುಸದಲ್ಲಿ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕಿ. ನನಗೆ ವಿವರಿಸಿ ಹೇಳುವುದು ಬೇಕಿರಲಿಲ್ಲ. ಒಂದೊಂದು ಚುಕ್ಕಿಯಲ್ಲಿ ಎಷ್ಟು ಸಾವಿರ ಕಣ ಇರಬಹುದು ಎಂದು ತಲೆ ತಾನೇ ಲೆಕ್ಕ ಹಾಕತೊಡಗಿತು.  ಅದಾಗಿ ಹನ್ನೊಂದನೆಯ ದಿನ ಅಪ್ಪ ಹೋದ. ಅವ್ವ ಅವನ ಕಾಲ ಹತ್ತಿರ ಕೂತಿದ್ದಳು, ನಾನು ತಲೆಯ ಹತ್ತಿರ. ಉಸಿರು ನಿಂತದ್ದು ಇಬ್ಬರಿಗೂ ಕೂಡಲೇ ಗೊತ್ತಾಗಲಿಲ್ಲ.

ಆದರೆ ಅಪ್ಪ ಅಂದರೆ ನನಗೆ ಮೊದಲು ನೆನಪಾಗುವುದು ಆ ದಿನವಲ್ಲ. ಅದಕ್ಕೂ ಎರಡು ದಿನ ಮುಂಚಿನ ಬೆಳಿಗ್ಗೆ. ಡಾಕ್ಟರು ರೌಂಡ್ಸಿಗೆ ಬಂದಿದ್ದರು. ನನ್ನ ಕಡೆ ತಿರುಗಿ, "ನೀವು ಏನು ಮಾಡ್ಕೊಂಡಿದ್ದೀರಿ?" ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅಪ್ಪ ಆಕ್ಸಿಜನ್ ಮಾಸ್ಕನ್ನು ಕೈಯಿಂದ ಕೆಳಗೆ ಜಗ್ಗಿದ.

"ಧೂಳಿನ ಕಣ ಹಿಡೀತಾಳ್ರಿ. ಮೂರು ವರ್ಷ ಕಷ್ಟಪಟ್ಟಾಳ, ಆಮ್ಯಾಲ ಒಂದು ಸಿಕ್ತು. ಅದಕ್ಕ ಡಾಕ್ಟರೇಟ್ ಕೊಡ್ತಾರಂತ."

ಉಸಿರು ಸಾಲದೆ ನಿಲ್ಲಿಸಿದ. ಎದೆ ಏರಿಳಿಯಿತು. ನರ್ಸು ಮಾಸ್ಕು ಹಾಕಲು ಬಂದರೆ ಕೈ ಅಡ್ಡ ಇಟ್ಟ.

"ನಾ ಯಾವ ಮಷಿನ್ನೂ ಇಲ್ದಂಗ ಒಂದೊಂದು ಉಸಿರಿಗೆ ಲಕ್ಷ ಹಿಡಿದೀನ್ರಿ. ನನಗೇನು ಕೊಡ್ತಾರ, ಕೇಳ್ರಿ ಆಕೀನ್ನ!"

ಡಾಕ್ಟರು ನಕ್ಕರು, ನರ್ಸು ನಕ್ಕಳು, ಪಕ್ಕದ ಮಂಚದವರೂ ನಕ್ಕರು. ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ನಗುತ್ತ ನಗುತ್ತ ಹೊರಗೆ ಹೋಗಿ, ನಲ್ಲಿ ತಿರುಗಿಸಿ ಬಿಟ್ಟು, ಅದರ ಸದ್ದಿನಲ್ಲಿ ನಿಂತೆ.